ಎದ್ದ ಟೈಲ್ಸ್, ಕುಸಿದ ಮೂಲೆ, ಮಂಕಾದ ಪರಸಿ: ವಿಜಯಪುರದ ಒಂದು ಮನೆಯ ನೆಲದ ಪ್ರಕರಣ

ಈ ಮನೆ ವಿಜಯಪುರದ ಸೋಲಾಪುರ ರಸ್ತೆಯ ಕಡೆ, ಒಂದು ಬಡಾವಣೆಯಲ್ಲಿದೆ. ಯಜಮಾನರು ನಿವೃತ್ತ ಮಾಸ್ತರರು. ಹಿಂದಿನ ಅಡಿಗೆಮನೆ ಮತ್ತು ಊಟದ ಕೋಣೆಗೆ 30 ವರ್ಷ ದಾಟಿದೆ. ಅಲ್ಲಿ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು, ಇದೆ. ಮುಂದಿನ ಪಡಸಾಲೆ, ಮಲಗುವ ಕೋಣೆ, ಅದಕ್ಕೆ ಹೊಂದಿದ ಬಚ್ಚಲು ಆಮೇಲೆ ಕಟ್ಟಿದ್ದು. ಪಡಸಾಲೆಗೂ ಕೋಣೆಗೂ 2 ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್, ಬಚ್ಚಲಿಗೆ 1 ಅಡಿಯ ಜಾರದ ಸಿರಾಮಿಕ್ ಟೈಲ್ಸ್ ಹಾಕಿಸಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಪಡಸಾಲೆಯ ನಡುವೆ ಎರಡು ಸಾಲು ಟೈಲ್ಸ್ ಒಂದಕ್ಕೊಂದು ಒರಗಿಕೊಂಡು ಎದ್ದು ನಿಂತವು. ಮಾಸ್ತರರು ಹೇಳಿದ್ದು ಇಷ್ಟು: "ಸಿಲಿಂಡರ್ ಸಿಡೀತೇನೋ ಅನ್ನೂವಂಗ ಸಪ್ಪಳಾತ್ರಿ. ಓಡಿ ಬಂದು ನೋಡಿದ್ರ ನೆಲಾನ ಎದ್ದು ನಿಂತದ!"

ಗುತ್ತಿಗೆದಾರರೊಬ್ಬರು ಬಂದು ನೋಡಿ, ಇಡೀ ಮನೆಯ ನೆಲ ಒಡೆದು ಹೊಸದಾಗಿ ಮಾಡಬೇಕು ಎಂದು ಅಂದಾಜು ಕೊಟ್ಟು ಹೋಗಿದ್ದರು. ಹಳೆಯ ಪರಸಿಯನ್ನೂ ಕಿತ್ತು, ಎಲ್ಲ ಕಡೆ ಒಂದೇ ತರಹದ ಟೈಲ್ಸ್ ಹಾಕುವ ಸಲಹೆ. ಆ ಅಂದಾಜಿನ ಕಾಗದ ಹಿಡಿದುಕೊಂಡೇ ಮಾಸ್ತರರು ನನ್ನನ್ನು ಕರೆಸಿದ್ದು. ನಿವೃತ್ತಿಯ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು.

ನೆಲದ ಕೆಲಸದಲ್ಲಿ ನನಗೆ ತುಂಬಾ ಬೇಸರ ತರುವುದು ಇದೇ. ಏನು ಕೆಟ್ಟಿದೆ ಎಂದು ಯಾರೂ ನೋಡುವುದಿಲ್ಲ, ಮೊದಲು ಸುತ್ತಿಗೆ ಎತ್ತುತ್ತಾರೆ. ಒಡೆದು ಹೊಸದು ಹಾಕಿದ ಮೇಲೂ ಕಾರಣ ಕೆಳಗೆ ಹಾಗೇ ಕೂತಿರುತ್ತದೆ. ನಾಲ್ಕೈದು ವರ್ಷಕ್ಕೆ ಮತ್ತೆ ಅದೇ ಕಥೆ.

ತಟ್ಟಿ ನೋಡಿದ್ದು

ಮೊದಲ ಕೆಲಸ ಸೀಮೆಸುಣ್ಣ ಮತ್ತು ಒಂದು ಗಟ್ಟಿ ಮರದ ಕೋಲಿನದ್ದು. ಪ್ರತಿ ಟೈಲ್ಸಿನ ನಾಲ್ಕು ಮೂಲೆ ಮತ್ತು ನಡುಭಾಗ ತಟ್ಟಬೇಕು. ಗಟ್ಟಿಯಾಗಿ ಕೂತಿದ್ದರೆ ಸದ್ದು ಸಣ್ಣಗೆ, ಬಿಗಿಯಾಗಿ ಬರುತ್ತದೆ. ಕೆಳಗೆ ಬಿಟ್ಟಿದ್ದರೆ ಪೊಳ್ಳು ಸದ್ದು. ಪೂರ್ತಿ ಪೊಳ್ಳಾದುದಕ್ಕೆ ಅಡ್ಡಗೆರೆ, ಒಂದು ಮೂಲೆ ಮಾತ್ರ ಪೊಳ್ಳಾದುದಕ್ಕೆ ಚುಕ್ಕಿ. ಆಮೇಲೆ ಅದೇ ಗುರುತನ್ನು ಚೌಕಳಿ ಹಾಳೆಯ ಮೇಲೆ ಇಳಿಸಿಕೊಳ್ಳಬೇಕು. ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಖರ್ಚೂ ಇಲ್ಲ. ಆದರೂ ಬಹಳ ಮಂದಿ ಇದನ್ನು ಮಾಡುವುದೇ ಇಲ್ಲ.

ಪಡಸಾಲೆ 20 ಅಡಿ ಉದ್ದ, 14 ಅಡಿ ಅಗಲ. ಅಂದರೆ 70 ಟೈಲ್ಸ್. ಅದರಲ್ಲಿ 22 ಪೂರ್ತಿ ಪೊಳ್ಳು, 9ರಲ್ಲಿ ಮೂಲೆ ಮಾತ್ರ ಪೊಳ್ಳು. ಪೂರ್ತಿ ಪೊಳ್ಳಾದವು ಅಲ್ಲಲ್ಲಿ ಚದುರಿರಲಿಲ್ಲ. ಪಶ್ಚಿಮದ ದೊಡ್ಡ ಬಾಗಿಲಿನಿಂದ ಕೋಣೆಯ ನಡುವಿನ ತನಕ ಒಂದು ಪಟ್ಟಿಯಾಗಿ ಇದ್ದವು. ಮಧ್ಯಾಹ್ನದ ಬಿಸಿಲು ಒಳಗೆ ಬೀಳುವ ಜಾಗವೂ ಸರಿಯಾಗಿ ಅದೇ.

ಮಲಗುವ ಕೋಣೆಯಲ್ಲಿ ಚಿತ್ರವೇ ಬೇರೆ. ಅಲ್ಲಿ ಒಂದು ಟೈಲ್ಸೂ ಎದ್ದಿರಲಿಲ್ಲ. ಆದರೆ ಮನೆಯ ಅಕ್ಕಾರು ಒಂದು ಮಾತು ಹೇಳಿದರು: "ಸರ, ಈ ತಿಜೋರಿ ಬಾಗಿಲಾ ತಾನ ತೆರಕೋತದರಿ. ಮೊದಲ ಹಂಗಿದ್ದಿಲ್ಲ. ನೆಲಾ ಒರಿಸಿದ್ರ ನೀರು ಆ ಮೂಲಿಗೇ ಹೋಗ್ತದ." ಯಾವ ಯಂತ್ರಕ್ಕಿಂತ ಮೊದಲು ಕೇಳಬೇಕಾದ ಸಾಕ್ಷಿ ಇದು. ದಿನಾ ನೆಲ ಒರೆಸುವವರಿಗೆ ನೆಲದ ಇಳಿಜಾರು ಗೊತ್ತಿರುತ್ತದೆ. ನೀರು ತುಂಬಿದ ಲೆವಲ್ ಪೈಪ್ ಹಿಡಿದು ನೋಡಿದರೆ, ಬಾಗಿಲ ಹತ್ತಿರಕ್ಕಿಂತ ಬಚ್ಚಲ ಗೋಡೆಯ ಮೂಲೆ 28 ಮಿ.ಮೀ. ಕೆಳಗಿತ್ತು. ಗೋಡೆಯ ಬುಡಕ್ಕೆ ಹಚ್ಚುವ ಸ್ಕರ್ಟಿಂಗ್ ಪಟ್ಟಿಗೂ ನೆಲಕ್ಕೂ ನಡುವೆ ಸಂದು ಬಿದ್ದಿತ್ತು.

ಅಡಿಗೆಮನೆಯ ಪರಸಿ ಒಂದು ಕಲ್ಲೂ ಅಲುಗಿರಲಿಲ್ಲ. ಮೇಲೆ ಬಿಳಿ ಕಲೆ, ಹೊಳಪು ಹೋಗಿದೆ, ಬಚ್ಚಲಿಗೆ ತಗಲಿದ ಗೋಡೆಯ ಬುಡದಲ್ಲಿ ಎರಡು ಕಲ್ಲಿನ ಮೇಲ್ಪದರ ಎದ್ದು ಉದುರುತ್ತಿದೆ. ಅಷ್ಟೇ.

ಹಾಗಾಗಿ ಒಂದೇ ಮನೆಯಲ್ಲಿ ಮೂರು ತಕರಾರು. ಮೂರಕ್ಕೂ ಒಂದೇ ಔಷಧ ಕೊಡಲು ಹೊರಟಿದ್ದು ಆ ಅಂದಾಜಿನ ಕಾಗದ.

ಪಡಸಾಲೆಯ ಟೈಲ್ಸ್ ಏಕೆ ಎದ್ದವು?

ಎದ್ದ ಟೈಲ್ಸನ್ನು ತಿರುಗಿಸಿ ನೋಡಿದಾಗ ಬೆನ್ನು ಪೂರ್ತಿ ಸ್ವಚ್ಛ. ಕಂಪನಿಯ ಉಬ್ಬು ಗೆರೆಗಳು ಹೊಸದರ ಹಾಗೇ ಕಾಣುತ್ತಿದ್ದವು. ಗೆರೆಗಳ ನಡುವೆ ತೆಳುವಾದ ಬಿಳಿ ಪುಡಿ. ಸಿಮೆಂಟ್ ಹಾಲು ಕೆಳಗಿನ ಬೆಡ್ಡಿಗೆ, ಅಂದರೆ ಟೈಲ್ಸ್ ಕೂರಿಸಲು ಹಾಸಿದ ಗಾರೆಯ ಪದರಕ್ಕೆ, ಗಟ್ಟಿಯಾಗಿ ಹಿಡಿದಿತ್ತು, ಟೈಲ್ಸಿಗೆ ಮಾತ್ರ ಹಿಡಿದಿರಲಿಲ್ಲ.

ಇದಕ್ಕೆ ಕಾರಣ ಟೈಲ್ಸಿನ ಗುಣದಲ್ಲೇ ಇದೆ. ವಿಟ್ರಿಫೈಡ್ ಟೈಲ್ಸ್ ಅಂದರೆ ಹೆಚ್ಚು ಉರಿಯಲ್ಲಿ ಸುಟ್ಟು, ಒಳಗಿನ ರಂಧ್ರಗಳೆಲ್ಲ ಮುಚ್ಚಿಹೋದ ಟೈಲ್ಸ್. ಅದು ತನ್ನ ತೂಕದ 0.5 ಶೇಕಡಾಕ್ಕಿಂತ ಜಾಸ್ತಿ ನೀರು ಹೀರುವುದಿಲ್ಲ. ಹಳೆಯ ಕಾಲದ ಟೈಲ್ಸ್, ಪರಸಿ, ಇಟ್ಟಿಗೆ ಇವೆಲ್ಲ ಸಿಮೆಂಟ್ ಹಾಲನ್ನು ಸ್ವಲ್ಪ ಒಳಗೆ ಎಳೆದುಕೊಂಡು ಹಿಡಿತ ಸಾಧಿಸುತ್ತವೆ. ಇಲ್ಲಿ ಎಳೆದುಕೊಳ್ಳಲು ದಾರಿಯೇ ಇಲ್ಲ. ಅದಕ್ಕೇ ಇದಕ್ಕೆ ಪಾಲಿಮರ್ ಬೆರೆಸಿದ ಅಂಟು ಬೇಕು. ಅಂಗಡಿಯಲ್ಲಿ ಟೈಲ್ಸ್ ಅಡ್ಹೆಸಿವ್ ಅಥವಾ ಗಮ್ ಎಂದು ಕೇಳಿದರೆ 20 ಕೆಜಿ ಚೀಲದಲ್ಲಿ ಸಿಗುತ್ತದೆ. ಇದಕ್ಕೆ ಐಎಸ್ 15477 ಎಂಬ ಭಾರತೀಯ ಮಾನಕವೂ ಇದೆ, ಅದರಲ್ಲಿ ಟೈಪ್‌ಗಳಿವೆ. ಚೀಲದ ಮೇಲೆ ಟೈಪ್ ಯಾವುದು, ವಿಟ್ರಿಫೈಡ್‌ಗೆ ಆಗುತ್ತದೆಯೇ ಎಂದು ಓದಿಯೇ ಕೊಳ್ಳಬೇಕು. ಬಿಳಿ ಪುಡಿ ಇದೆಯಲ್ಲ, ಅದು ಭಟ್ಟಿಯಲ್ಲಿ ಟೈಲ್ಸ್ ಉರುಳೆಗಳಿಗೆ ಅಂಟದಿರಲಿ ಎಂದು ಕಾರ್ಖಾನೆಯಲ್ಲಿ ಹಚ್ಚಿದ್ದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯದಿದ್ದರೆ ಅಂಟು ಪುಡಿಗೆ ಹಿಡಿಯುತ್ತದೆ, ಟೈಲ್ಸಿಗಲ್ಲ.

ಹಿಡಿತ ಇಲ್ಲದಿದ್ದರೆ ಪೊಳ್ಳಾಗುತ್ತದೆ, ಸರಿ. ಆದರೆ ಸಪ್ಪಳ ಮಾಡಿಕೊಂಡು ಏಳುವುದು ಏಕೆ? ಅದಕ್ಕೆ ಎರಡನೇ ಕಾರಣ ಬೇಕು. ಇಲ್ಲಿ ಟೈಲ್ಸ್ ನಡುವೆ ಒಂದು ಕೂದಲೆಳೆಯಷ್ಟೂ ಸಂದು ಬಿಟ್ಟಿರಲಿಲ್ಲ. ನಾಲ್ಕೂ ಗೋಡೆಗೆ ಟೈಲ್ಸನ್ನು ಒತ್ತಿ ಕೂರಿಸಿ, ಮೇಲೆ ಸ್ಕರ್ಟಿಂಗ್ ಹಾಕಿ ಸಿಮೆಂಟ್ ತುಂಬಿದ್ದರು.

ಲೆಕ್ಕ ಮಾಡಿ ನೋಡಿ. ಈ ತರಹದ ಟೈಲ್ಸ್ ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿಗೆ ಹೆಚ್ಚುಕಡಿಮೆ 0.0065 ಮಿ.ಮೀ. ಹಿಗ್ಗುತ್ತದೆ. ಪಡಸಾಲೆಯ ಉದ್ದ 20 ಅಡಿ, ಅಂದರೆ 6 ಮೀಟರ್. ಚಳಿಗಾಲದಲ್ಲಿ ಹಾಕಿದ ಟೈಲ್ಸ್, ಮೇ ತಿಂಗಳ ಬಿಸಿಲಿಗೆ 25 ಡಿಗ್ರಿ ಜಾಸ್ತಿ ಕಾಯಿತು ಅಂದುಕೊಳ್ಳಿ. ಪೂರ್ತಿ ಸಾಲು ಹಿಗ್ಗುವುದು ಸುಮಾರು 1 ಮಿ.ಮೀ. ಇಷ್ಟೇನಾ ಅನಿಸುತ್ತದೆ. ಆದರೆ ಎರಡೂ ಕಡೆ ಗೋಡೆ ತಡೆದಾಗ ಆ 1 ಮಿ.ಮೀ. ಎಲ್ಲಿಗೆ ಹೋಗಬೇಕು? ಹಿಡಿತ ಇಲ್ಲದ ಕಡೆ ಮೇಲಕ್ಕೆ ಹೋಗುತ್ತದೆ. 600 ಮಿ.ಮೀ.ನ ಎರಡು ಟೈಲ್ಸ್ ಒಂದಕ್ಕೊಂದು ಒರಗಿ ಏಳುವಾಗ, ಅಡ್ಡ ಅಳತೆಯಲ್ಲಿ ಬರೀ 1 ಮಿ.ಮೀ. ಕಡಿಮೆಯಾದರೂ ನಡುವೆ 24 ಮಿ.ಮೀ. ಎತ್ತರ ಬರುತ್ತದೆ. ಸುಮಾರು ಒಂದಿಂಚು. ಇದು ಶಾಲೆಯ ಪೈಥಾಗೊರಸ್ ಲೆಕ್ಕವೇ. ಮಾಸ್ತರರು ಅಲ್ಲೇ ಕೂತು ಪೆನ್ಸಿಲ್ ತೆಗೆದುಕೊಂಡು ತಾವೇ ಮಾಡಿ ನೋಡಿದರು, ಸರಿ ಬಂತು.

ಬಿಸಿಲೊಂದೇ ಅಲ್ಲ. ಕೆಳಗಿನ ಸಿಮೆಂಟ್ ಬೆಡ್ ಒಣಗುತ್ತಾ ಹೋದಂತೆ ಸ್ವಲ್ಪ ಕುಗ್ಗುತ್ತದೆ, ಟೈಲ್ಸ್ ಕುಗ್ಗುವುದಿಲ್ಲ. ಆ ಒತ್ತಡ ಮೊದಲೇ ಕೂಡಿಕೊಂಡಿರುತ್ತದೆ. ಬಿಸಿಲು ಬರೀ ಕೊನೆಯ ನೂಕು ಕೊಡುತ್ತದೆ. ಹಾಗಾಗಿಯೇ ಕೆಲವು ಮನೆಗಳಲ್ಲಿ ಚಳಿಗಾಲದ ಬೆಳಗಿನ ಜಾವದಲ್ಲೂ ಟೈಲ್ಸ್ ಏಳುತ್ತವೆ, ಜನ ಗಾಬರಿಯಾಗಿ ಭೂಕಂಪ ಅಂದುಕೊಳ್ಳುತ್ತಾರೆ.

ದುರಸ್ತಿಗೆ ಬಂದ ಗೌಂಡಿ ಕಾಕಾ ಅನುಭವಸ್ಥರು. ಸಂದು ಬಿಡುವ ವಿಷಯ ಎತ್ತಿದಾಗ ಅವರು ಹೇಳಿದ್ದು ಯೋಚಿಸುವ ಮಾತು: "ನಮಗ ಗೊತ್ತದರಿ ಸರ. ಜಾಯಿಂಟ್ ಬಿಟ್ರ ಮಾಲಕರು ಬೈತಾರ. ಅಲ್ಲಿ ಕಸಾ ಕೂಡ್ರತದ, ಗೆರಿ ಕಾಣಬಾರದು, ಕನ್ನಡಿ ಹಂಗ ಇರಬೇಕು ಅಂತಾರ." ತಪ್ಪು ಗೌಂಡಿಯದು ಎಂದು ಹೇಳುವುದು ಸುಲಭ. ಆದರೆ ಅರ್ಧ ತಪ್ಪು ನಮ್ಮ ಆಸೆಯದು. 2ರಿಂದ 3 ಮಿ.ಮೀ. ಸಂದು ಬಿಟ್ಟು ಟೈಲ್ಸಿನ ಬಣ್ಣದ ಫಿಲ್ಲರ್ ತುಂಬಿದರೆ ನಾಲ್ಕು ಹೆಜ್ಜೆ ದೂರದಿಂದ ಅದು ಕಾಣುವುದೂ ಇಲ್ಲ.

ಪಡಸಾಲೆಗೆ ಮಾಡಿದ್ದು

ಕಷ್ಟ ಇದ್ದದ್ದು ಟೈಲ್ಸಿನದ್ದು. ಅದೇ ಬಣ್ಣ, ಅದೇ ಬ್ಯಾಚ್ ಈಗ ಅಂಗಡಿಯಲ್ಲಿ ಇಲ್ಲ. ಅಟ್ಟದ ಮೇಲೆ ಉಳಿದಿದ್ದು 8. ಟೈಲ್ಸ್ ಹಾಕಿಸುವಾಗ ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ತಂದು, ಒಡೆದು ಹೋದದ್ದು ಬಿಟ್ಟು ಉಳಿದಿದ್ದನ್ನು ಎತ್ತಿಡಿ ಎಂದು ಹೇಳುವುದು ಇದಕ್ಕೇ.

ಆದರೆ ಇಲ್ಲಿ ಒಂದು ಅನುಕೂಲವೂ ಇತ್ತು. ಹಿಡಿತ ಇಲ್ಲದ ಟೈಲ್ಸ್ ಆದ್ದರಿಂದ ಇಡಿಯಾಗಿಯೇ ಕೈಗೆ ಬರುವ ಸಾಧ್ಯತೆ ಇತ್ತು. ಗ್ರೈಂಡರ್ ಕಟರ್‌ನಿಂದ ಮೊದಲು ಪಟ್ಟಿಯ ಸುತ್ತ ಸಂದು ಕತ್ತರಿಸಿ ಒತ್ತಡ ಬಿಡಿಸಿದೆವು. ಈ ಹೆಜ್ಜೆ ಬಿಟ್ಟು ನೇರ ಉಳಿ ಹಾಕಿದರೆ ಪಕ್ಕದ ಗಟ್ಟಿ ಟೈಲ್ಸಿನ ಅಂಚು ಹಾರುತ್ತದೆ. ಆಮೇಲೆ ತೆಳು ಪಟ್ಟಿ ತೂರಿಸಿ ನಿಧಾನಕ್ಕೆ ಎತ್ತಿದಾಗ ಅರ್ಧಕ್ಕಿಂತ ಜಾಸ್ತಿ ಇಡಿಯಾಗಿ ಬಂದವು. ಬೆನ್ನಿನ ಪುಡಿಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ತೊಳೆದು ಒಣಗಿಸಿದೆವು.

ಬಾಗಿಲಿನ ಎದುರಿನ ಒಂದು ಇಡೀ ಅಡ್ಡ ಸಾಲನ್ನು, ಅಂದರೆ 7 ಟೈಲ್ಸಿನ ಜಾಗವನ್ನು, ಇಳಕಲ್ಲಿನ ಕೆಂಪು ಗ್ರಾನೈಟ್‌ಗೆ ಬಿಟ್ಟೆವು. ಇದು ಮಾಸ್ತರರಿಗೆ ಮೊದಲು ಒಪ್ಪಿಗೆ ಆಗಲಿಲ್ಲ. ತೇಪೆ ಹಾಕಿದಂತೆ ಕಾಣುತ್ತದೆ ಎಂದರು. ನಾನು ಹೇಳಿದ್ದು ಎರಡು ಕಾರಣ. ಒಂದು, ಬಣ್ಣ ಹೊಂದದ ಹೊಸ ಟೈಲ್ಸ್ ಏಳು ಕಡೆ ಚದುರಿದರೆ ಅದೇ ತೇಪೆ. ಗೋಡೆಯಿಂದ ಗೋಡೆಗೆ ಒಂದೇ ಪಟ್ಟಿ ಬಂದರೆ ಬೇಕೆಂದೇ ಮಾಡಿಸಿದ ಅಂಚು. ಎರಡು, ಈ ಪಟ್ಟಿಯ ಎರಡೂ ಬದಿಗೆ 5 ಮಿ.ಮೀ. ಸಂದು ಸಿಗುತ್ತದೆ. ಅದರಲ್ಲಿ ಸಿಮೆಂಟ್ ಬದಲು ರಬ್ಬರಿನಂತೆ ಮೆತ್ತಗೆ ಉಳಿಯುವ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿದರೆ ಇಡೀ ಪಡಸಾಲೆಗೆ ಹಿಗ್ಗಲು ಜಾಗವಾಗುತ್ತದೆ. 600 ಮಿ.ಮೀ. ಜಾಗಕ್ಕೆ 590 ಮಿ.ಮೀ. ಅಗಲದ ಕಲ್ಲು ಕೊಯ್ಯಿಸಿದ್ದು ಅದಕ್ಕೇ. ಗ್ರಾನೈಟ್ ದಪ್ಪ 18 ಮಿ.ಮೀ., ಟೈಲ್ಸ್ 9 ಮಿ.ಮೀ. ಆದ್ದರಿಂದ ಆ ಸಾಲಿನಲ್ಲಿ ಹಳೆ ಬೆಡ್ಡನ್ನು ಇನ್ನೂ 9 ಮಿ.ಮೀ. ಕೆತ್ತಬೇಕಾಯಿತು.

ಉಳಿದ ಜಾಗಕ್ಕೆ ಹಳೆಯ ಟೈಲ್ಸೇ ಹೋದವು. ಸಂದಿಗಾಗಿ ಪ್ರತಿಯೊಂದರ ಎರಡು ಅಂಚನ್ನು 2 ಮಿ.ಮೀ. ಕತ್ತರಿಸಿ ಸ್ಪೇಸರ್ ಇಟ್ಟೆವು. ಹಲ್ಲಿರುವ ತಾಪಿಯಿಂದ ಬೆಡ್ಡಿನ ಮೇಲೆ ಅಂಟನ್ನು ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲ್ಸಿನ ಬೆನ್ನಿಗೂ ತೆಳುವಾಗಿ ಸವರಿ ಕೂರಿಸಬೇಕು. ಅಂಟನ್ನು ಐದು ಉಂಡೆ ಮಾಡಿ ಇಟ್ಟು ಮೇಲೆ ಟೈಲ್ಸ್ ಒತ್ತುವ ರೂಢಿ ನಮ್ಮಲ್ಲಿ ಬಹಳ ಇದೆ. ಅಂಟು ಒಳ್ಳೆಯದಾದರೂ ಆ ಪದ್ಧತಿಯಲ್ಲಿ ಉಂಡೆಗಳ ನಡುವೆ ಪೊಳ್ಳು ಉಳಿಯುತ್ತದೆ. ಭಾರದ ಮಂಚದ ಕಾಲು ಅಲ್ಲೇ ಬಂದರೆ ಟೈಲ್ಸ್ ಒಡೆಯುತ್ತದೆ. ಮೊದಲ ಟೈಲ್ಸನ್ನು ಕೂರಿಸಿದ ಕೂಡಲೇ ಮತ್ತೆ ಎತ್ತಿ ಬೆನ್ನು ನೋಡಿದೆವು. ಅಂಟು ಎಲ್ಲ ಕಡೆ ಹತ್ತಿತ್ತು. ಮೇ ತಿಂಗಳ ಒಣ ಗಾಳಿಗೆ ಅಂಟಿನ ಮೇಲೆ ಬೇಗ ಕೆನೆ ಕಟ್ಟುತ್ತದೆ. ಒಂದು ಸಲಕ್ಕೆ ಎರಡು ಟೈಲ್ಸಿನಷ್ಟು ಜಾಗಕ್ಕೆ ಮಾತ್ರ ಹಚ್ಚಿ ಎಂದು ಕಾಕಾಗೆ ಹೇಳಿದ್ದೆ, ಅವರು ಹಾಗೇ ಮಾಡಿದರು.

ಕೊನೆಗೆ ಸ್ಕರ್ಟಿಂಗ್ ತೆಗೆದು, ನಾಲ್ಕೂ ಗೋಡೆಯ ಬುಡದಲ್ಲಿ 8 ಮಿ.ಮೀ. ಸಂದು ಕತ್ತರಿಸಿದೆವು. ಸ್ಕರ್ಟಿಂಗ್ ಮತ್ತೆ ಬಂದ ಮೇಲೆ ಅದು ಕಾಣುವುದಿಲ್ಲ. ಮೂಲೆ ಮಾತ್ರ ಪೊಳ್ಳಾಗಿದ್ದ 9 ಟೈಲ್ಸನ್ನು ಮುಟ್ಟಲಿಲ್ಲ. ಒಡೆದಿಲ್ಲ, ಅಲುಗುವುದಿಲ್ಲ, ಮೇಲೆ ಭಾರವಿಲ್ಲ. ಪೊಳ್ಳು ಸದ್ದು ಬಂದದ್ದನ್ನೆಲ್ಲ ಕಿತ್ತರೆ ಬಹಳ ಒಳ್ಳೆಯ ನೆಲಗಳೂ ಉಳಿಯುವುದಿಲ್ಲ.

ಕುಸಿದ ಮೂಲೆ

ಇದು ಎರೆಮಣ್ಣಿನ ಊರು. ಕಪ್ಪು ಶಿಲೆ ಸವೆದು ಆದ ಈ ಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಜೇಡಿ ತುಂಬಿದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು, ಸೆಪ್ಟೆಂಬರ್ ಮಳೆ ಬಿದ್ದ ಮೇಲೆ ಅದೇ ಬಿರುಕು ಮಾಯ. ಜೋಳಕ್ಕೆ, ಕಡಲೆಗೆ ಇದರಂಥ ಮಣ್ಣಿಲ್ಲ. ಮನೆಯ ನೆಲದ ಕೆಳಗೆ ಮಾತ್ರ ಇದು ಇರಬಾರದು.

ಮೊದಲು ಗೋಡೆಗಳನ್ನು ನೋಡಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಇದ್ದರೆ ಅದು ಪಾಯದ ತೊಂದರೆ. ಆಗ ನೆಲದ ಮಾತು ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಬೇಕು. ಇಲ್ಲಿ ಹಾಗೆ ಒಂದೂ ಇರಲಿಲ್ಲ. ಕಾಲಂಗಳನ್ನು ಎರೆಮಣ್ಣು ದಾಟಿಸಿ ಗಟ್ಟಿ ಪದರದ ತನಕ ಇಳಿಸಿದ್ದರು, ಗೋಡೆ ಆ ಕಾಲಂಗಳನ್ನು ನೆಲದ ಮಟ್ಟದಲ್ಲಿ ಜೋಡಿಸುವ ಪ್ಲಿಂತ್ ಬೀಮಿನ ಮೇಲೆ ನಿಂತಿತ್ತು. ಮನೆ ಗಟ್ಟಿ, ಕುಸಿದದ್ದು ನೆಲ ಮಾತ್ರ.

ಮೂಲೆಯಲ್ಲಿ 3 ಅಡಿ ಚೌಕ ತೆರೆದು ನೋಡಿದಾಗ ವಿಷಯ ತಿಳಿಯಿತು. ಕಾಂಕ್ರೀಟಿನ ಕೆಳಗೆ ಅಂಗೈ ತೂರುವಷ್ಟು ಖಾಲಿ ಜಾಗ. ಅದರ ಕೆಳಗೆ ತೇವದ ಕಪ್ಪು ಹೆಂಟೆಗಳು. ಕಾಲಂ ಗುಂಡಿ ತೋಡಿದ ಮಣ್ಣನ್ನೇ ಮತ್ತೆ ಒಳಗೆ ತುಂಬಿ, ನೀರು ಹೊಡೆಯದೆ, ಕುಟ್ಟದೆ ಮೇಲೆ ಕಾಂಕ್ರೀಟ್ ಹಾಕಿದ್ದರು. ಹೊರಗಿನಿಂದ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತರುವ ಖರ್ಚು ಉಳಿಯುತ್ತದಲ್ಲ, ಅದಕ್ಕೆ. ಗಟ್ಟಿಯಾಗಿ ಕುಟ್ಟಿದ ಒಣ ಎರೆಮಣ್ಣು ನೀರು ಕುಡಿದರೆ ಉಬ್ಬಿ ನೆಲವನ್ನು ಎತ್ತುತ್ತದೆ. ಹೆಂಟೆ ಹೆಂಟೆಯಾಗಿ ಸುರಿದದ್ದು ನೀರು ಕುಡಿದರೆ ಮೆತ್ತಗಾಗಿ ಕೂರುತ್ತದೆ. ಇಲ್ಲಿ ಆದದ್ದು ಎರಡನೆಯದು.

ಆದರೆ ನೀರು ಎಲ್ಲಿಂದ? ಆ ಮೂಲೆಯ ಆಚೆ ಬಚ್ಚಲು. ಮೊದಲು ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ನೋಡಿದೆವು, ತಿರುಗಲಿಲ್ಲ. ಅಂದರೆ ಒಳಬರುವ ಪೈಪ್ ಸರಿ ಇದೆ. ಆಮೇಲೆ ನೀರು ಹೋಗುವ ಜಾಲರಿಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಬಚ್ಚಲಲ್ಲಿ ಎರಡಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಟ್ಟೆವು. ಪಕ್ಕದಲ್ಲಿ ಒಂದು ಬಕೆಟ್‌ನಲ್ಲೂ ಅಷ್ಟೇ ನೀರು ಇಟ್ಟು ಗುರುತು ಹಾಕಿದ್ದೆವು. ಈ ಒಣ ಹವೆಯಲ್ಲಿ ಎಷ್ಟು ಆವಿಯಾಯಿತು ಎಂದು ಗೊತ್ತಾಗಬೇಕಲ್ವಾ? ಬಕೆಟ್‌ನ ಗುರುತು ಹೆಚ್ಚೇನೂ ಇಳಿಯಲಿಲ್ಲ. ಬಚ್ಚಲಿನ ನೀರು ಅರ್ಧದಷ್ಟು ಹೋಗಿತ್ತು.

ಟೈಲ್ಸ್ ನಡುವಿನ ಫಿಲ್ಲರ್ ಬಹುಪಾಲು ಕರಗಿಹೋಗಿತ್ತು. ಕೇಳಿದಾಗ ಅಕ್ಕಾರು ಬಾಟಲಿ ತಂದು ತೋರಿಸಿದರು. ಆಸಿಡ್. ಬೋರ್‌ವೆಲ್ ನೀರು ಗಡಸು, ಟೈಲ್ಸಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ, ಅದನ್ನು ತೆಗೆಯಲು ವಾರ ವಾರ ಆಸಿಡ್ ಹಾಕಿ ತಿಕ್ಕುತ್ತಿದ್ದರು. ಆ ಬಿಳಿ ಕಲೆ ಸುಣ್ಣದಂಶ. ಆಸಿಡ್ ಅದನ್ನು ತಿನ್ನುತ್ತದೆ. ಸಿಮೆಂಟಿನಲ್ಲೂ ಸುಣ್ಣದಂಶವೇ ಇರುವುದು. ಅದನ್ನೂ ತಿನ್ನುತ್ತದೆ. ಕಲೆ ಹೋಗಿ ಟೈಲ್ಸ್ ಹೊಳೆಯುತ್ತಿತ್ತು, ಸಂದು ಬಾಯಿ ಬಿಡುತ್ತಿತ್ತು, ಸ್ನಾನದ ನೀರು ದಿನಾ ಕೆಳಗಿನ ಎರೆಮಣ್ಣಿಗೆ ಹೋಗುತ್ತಿತ್ತು. ತಿಜೋರಿಯ ಬಾಗಿಲು ತಾನಾಗಿ ತೆರೆದುಕೊಂಡದ್ದಕ್ಕೆ ಮೂಲ ಆ ಬಾಟಲಿ. ಇದನ್ನು ಅಕ್ಕಾರ ತಪ್ಪು ಎನ್ನಲಾಗದು. ಫಿಲ್ಲರ್ ಏನು, ಆಸಿಡ್ ಅದನ್ನು ಏನು ಮಾಡುತ್ತದೆ ಎಂದು ಟೈಲ್ಸ್ ಹಾಕಿದವರು ಯಾರೂ ಹೇಳಿರಲಿಲ್ಲ.

ಬಚ್ಚಲನ್ನು ಪೂರ್ತಿ ತೆಗೆಯಲೇಬೇಕಾಯಿತು. ಜಾಲರಿಯ ಕೆಳಗಿನ ಟ್ರ್ಯಾಪ್ ಸುತ್ತಲೂ ಸಡಿಲವಿತ್ತು, ಅದನ್ನು ಬದಲಿಸಿದೆವು. ನೆಲಕ್ಕೂ, ಗೋಡೆಗೆ ಒಂದಡಿ ಎತ್ತರಕ್ಕೂ ಪಾಲಿಮರ್ ಸಿಮೆಂಟಿನ ವಾಟರ್‌ಪ್ರೂಫಿಂಗ್ ಎರಡು ಕೈ. ಎರಡನೇ ಕೈ ಮೊದಲನೆಯದಕ್ಕೆ ಅಡ್ಡವಾಗಿ. ನೆಲ ಗೋಡೆ ಸೇರುವ ಮೂಲೆಯಲ್ಲಿ ಮೊದಲೇ ಗುಂಡಗೆ ಗಿಲಾವು ಮಾಡಿ ಜಾಳಿಗೆ ಪಟ್ಟಿ ಕೂರಿಸಿದೆವು, ಏಕೆಂದರೆ ಒಡೆಯುವುದು ಯಾವಾಗಲೂ ಆ ಮೂಲೆಯೇ. ಅದು ಒಣಗಿದ ಮೇಲೆ ಮತ್ತೆ 24 ಗಂಟೆ ನೀರು ನಿಲ್ಲಿಸಿ ನೋಡಿಯೇ ಟೈಲ್ಸಿಗೆ ಕೈ ಹಾಕಿದ್ದು. ಇಳಿಜಾರು ಮೀಟರಿಗೆ 15 ಮಿ.ಮೀ. ಸಂದಿಗೆ ಈ ಸಲ ಸಿಮೆಂಟಿನ ಫಿಲ್ಲರ್ ಬದಲು ಎಪಾಕ್ಸಿ, ಅಂದರೆ ರಾಳದ ಫಿಲ್ಲರ್. ದರ ಜಾಸ್ತಿ, ತುಂಬುವಾಗ ಕೈ ಚುರುಕಾಗಿರಬೇಕು, ಒಣಗಿದ ಮೇಲೆ ಟೈಲ್ಸ್ ಮೇಲೆ ಉಳಿದದ್ದನ್ನು ತೆಗೆಯುವುದು ದೊಡ್ಡ ಕಷ್ಟ. ಆದರೆ ಬಚ್ಚಲಿಗೆ ಇದರ ಖರ್ಚನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಲಗುವ ಕೋಣೆಯಲ್ಲಿ ಬಚ್ಚಲ ಕಡೆಯ ಅರ್ಧ ಕುಸಿದಿತ್ತು, ಆದರೆ ಕಪ್ಪು ಹೆಂಟೆ ಇಡೀ ಕೋಣೆಯ ಕೆಳಗಿತ್ತು. ಹಾಗಾಗಿ ಪೂರ್ತಿ ತೆಗೆದೆವು. ಎರಡಡಿ ಆಳದ ಕಪ್ಪು ಮಣ್ಣು ಹೊರಗೆ, ಗರಸು ಒಳಗೆ. 6 ಇಂಚಿಗೆ ಒಂದು ಪದರ, ಪ್ರತಿ ಪದರಕ್ಕೂ ನೀರು, ಪ್ರತಿ ಪದರಕ್ಕೂ ಧಮ್ಮಸಿನಿಂದ ಕುಟ್ಟುವುದು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 4 ಇಂಚು ಕಾಂಕ್ರೀಟ್. ನಡುವೆ ತೆಳು ಸರಳಿನ ಜಾಳಿಗೆ. ಈ ಕೆಲಸದಲ್ಲಿ ನೋಡುವಂಥದ್ದೇನೂ ಇಲ್ಲ, ಮುಗಿದ ಮೇಲೆ ಕಾಣುವುದೂ ಇಲ್ಲ. ಇಡೀ ದುರಸ್ತಿಯಲ್ಲಿ ನಾನು ಜಾಸ್ತಿ ಹೊತ್ತು ನಿಂತು ನೋಡಿದ್ದು ಮಾತ್ರ ಇದನ್ನೇ.

ಮೇಲೆ ಯಾವ ನೆಲ ಎಂಬ ಚರ್ಚೆ ಬಂತು. ಬೆಂಗಳೂರಿನಲ್ಲಿರುವ ಮಗ ಮರದ ಲ್ಯಾಮಿನೇಟ್ ಹಾಕಿಸಿ ಎಂದು ಫೋನಿನಲ್ಲಿ ಒತ್ತಾಯ ಮಾಡಿದರು. ಲ್ಯಾಮಿನೇಟ್ ಕೆಟ್ಟದ್ದಲ್ಲ. ಆದರೆ ಅದರ ಒಳಗಿರುವುದು ಒತ್ತಿದ ಮರದ ನಾರು, ಕೆಳಗಿನಿಂದ ತೇವ ಬಂದರೆ ಅಂಚು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಹೊಸ ಕಾಂಕ್ರೀಟ್ ಒಣಗಲು ಒಂದಿಂಚಿಗೆ ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ. 4 ಇಂಚಿಗೆ ನಾಲ್ಕು ತಿಂಗಳು ಕಾಯಬೇಕು. ಆಮೇಲೂ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ, ಒಂದು ದಿನ ಬಿಟ್ಟು, ಒಳಗೆ ಬೆವರು ಕಟ್ಟಿದೆಯೇ ನೋಡಬೇಕು. ದಿನಾ ಬಕೆಟ್ ನೀರಿನಿಂದ ಒರೆಸುವ ಮನೆಗೆ ಅದು ಒಗ್ಗುವುದೂ ಇಲ್ಲ.

ಅಕ್ಕಾರು ನೇರವಾಗಿ ಹೇಳಿದರು: "ಅಡಗಿಮನ್ಯಾಗಿನ ಪರಸಿನ ಹಾಕಿಸ್ರಿ. ಬ್ಯಾಸಗ್ಯಾಗ ತಂಪಿರ್ತದ." ನನಗೂ ಅದೇ ಸರಿ ಅನಿಸಿತು, ಬೇರೆ ಕಾರಣಕ್ಕೆ. ಪರಸಿ ಮತ್ತು ಅದರ ಗಾರೆಯ ಸಂದಿನಿಂದ ಉಳಿದ ತೇವ ನಿಧಾನಕ್ಕೆ ಹೊರಗೆ ಹೋಗುತ್ತದೆ. ಮುಂದೆಂದಾದರೂ ಒಂದು ಮೂಲೆ ಸ್ವಲ್ಪ ಕೂತರೆ ಆ ನಾಲ್ಕು ಕಲ್ಲು ಎತ್ತಿ, ಕೆಳಗೆ ಗಾರೆ ತುಂಬಿ, ಅದೇ ಕಲ್ಲು ಮತ್ತೆ ಕೂರಿಸಬಹುದು. ಎರೆಮಣ್ಣಿನ ಊರಿನಲ್ಲಿ ಇದು ದೊಡ್ಡ ಅನುಕೂಲ. ಟೈಲ್ಸಿಗೆ ಆ ಗುಣ ಇಲ್ಲ.

ಹಳೆಯ ಪರಸಿ

ಶಹಾಬಾದ್ ಕಲ್ಲು ಬರುವುದು ಕಲಬುರಗಿ ಜಿಲ್ಲೆಯಿಂದ. ಅದು ಸುಣ್ಣಕಲ್ಲು. ಅದೇ ಜಾತಿಯ ಪದರ ನಮ್ಮ ತಾಳಿಕೋಟೆಯ ಕಡೆಗೂ ಹಬ್ಬಿದೆ. ಪದರ ಪದರವಾಗಿ ಏಳುವುದರಿಂದ ಹಾಸುಗಲ್ಲಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಸುಣ್ಣಕಲ್ಲು ಅಂದ ಮೇಲೆ ಹುಳಿ ಆಗದು. ಹುಣಸೆಹಣ್ಣಿನ ರಸ, ನಿಂಬೆಹಣ್ಣು, ವಿನೆಗರ್, ಬಚ್ಚಲಿನ ಆಸಿಡ್ ಎಲ್ಲವೂ ಅದರ ಹೊಳಪನ್ನು ತಿನ್ನುತ್ತವೆ. ಅಡಿಗೆಮನೆಯ ಬಿಳಿ ಕಲೆಗಳು ಕೊಳೆಯಲ್ಲ, ಕಲ್ಲಿನ ಮೇಲ್ಮೈ ಸವೆದದ್ದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಆಸಿಡ್ ಹಾಕಿ ತಿಕ್ಕಿದರೆ ಇನ್ನೂ ದೊಡ್ಡದಾಗುತ್ತದೆ.

ಮಷಿನ್ ತರಿಸಿ ಒರಟು ಕಲ್ಲಿನಿಂದ ಶುರು ಮಾಡಿ ನಯವಾದ ಕಲ್ಲಿನ ತನಕ ತಿರುಗಿಸಿ ಪಾಲಿಶ್ ಮಾಡಿಸಿದೆವು. ಅದಕ್ಕೂ ಮುಂಚೆ ಸಡಿಲವಾದ ಸಂದುಗಳನ್ನು ಕೆರೆದು ಗಾರೆ ತುಂಬಿಸಿದೆವು. ಮೇಲ್ಪದರ ಉದುರುತ್ತಿದ್ದ ಎರಡು ಕಲ್ಲನ್ನು ಮಾತ್ರ ಬದಲಿಸಿದ್ದು. ಅವು ಬಚ್ಚಲಿನ ನೀರಿನಿಂದ ಕೆಟ್ಟಿದ್ದವು. ನೀರು ಕಲ್ಲಿನೊಳಗೆ ಏರಿ ಒಣಗುವಾಗ ಉಪ್ಪು ಬಿಟ್ಟುಹೋಗುತ್ತದೆ, ಆ ಉಪ್ಪು ಒಳಗೇ ಹರಳುಗಟ್ಟಿ ಪದರವನ್ನು ಎಬ್ಬಿಸುತ್ತದೆ. ಬಚ್ಚಲು ಸರಿಯಾಗದೆ ಕಲ್ಲು ಬದಲಿಸಿದ್ದರೆ ಹೊಸದೂ ಹಾಗೇ ಉದುರುತ್ತಿತ್ತು. ಅದಕ್ಕೇ ಈ ಕೆಲಸವನ್ನು ಕೊನೆಗೆ ಇಟ್ಟುಕೊಂಡೆವು. ಹೊಳಪಿಗೆ ವಾರ್ನಿಶ್ ಬಳಿಯುವ ಮಾತೂ ಬಂತು, ನಾನು ಬೇಡ ಎಂದೆ. ಮೇಲೆ ಮುಚ್ಚಿದರೆ ಕೆಳಗಿನ ತೇವ ಕಲ್ಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

30 ವರ್ಷದ ಪರಸಿಯನ್ನು ಕಿತ್ತುಹಾಕುವ ಅಂದಾಜು ಬರೆದಿದ್ದರಲ್ಲ, ಪಾಲಿಶ್ ಆದ ಮೇಲೆ ಅದನ್ನು ನೋಡಿದ ಮಾಸ್ತರರಿಗೆ ಮಾತು ಬರಲಿಲ್ಲ.

ಈಗಿನ ಸ್ಥಿತಿ

ಒಟ್ಟು ಖರ್ಚು ಮೊದಲಿನ ಅಂದಾಜಿನ ಅರ್ಧಕ್ಕಿಂತ ಕಡಿಮೆ ಬಂತು. ಅದರಲ್ಲಿ ದೊಡ್ಡ ಪಾಲು ಬಚ್ಚಲು ಮತ್ತು ಕೋಣೆಯ ಕೆಳಗಿನ ಮಣ್ಣಿಗೆ ಹೋಯಿತು. ಕಣ್ಣಿಗೆ ಕಾಣುವ ಪಡಸಾಲೆಗೆ ಹೋದದ್ದು ಸ್ವಲ್ಪ.

ಸೆಪ್ಟೆಂಬರ್ ಮಳೆ ಮುಗಿದ ಮೇಲೆ ಲೆವಲ್ ಪೈಪ್ ಹಿಡಿದು ಕೋಣೆಯ ನಾಲ್ಕು ಮೂಲೆ ನೋಡಿದೆವು, ವ್ಯತ್ಯಾಸ ಇಲ್ಲ. ಮನೆಯ ಹೊರಗೆ ಆ ಗೋಡೆಯ ಬುಡಕ್ಕೆ ಮಳೆನೀರು ನಿಲ್ಲುತ್ತಿತ್ತು. ಅಲ್ಲಿ ಎರಡೂವರೆ ಅಡಿ ಅಗಲಕ್ಕೆ ಹೊರಮುಖವಾಗಿ ಇಳಿಜಾರಿನ ಕಟ್ಟೆ ಹಾಕಿಸಿದ್ದೇವೆ. ಗೋಡೆಗೆ ಹತ್ತಿರ ಇದ್ದ ಬಾಳೆ ಗಿಡಗಳನ್ನು ಅಕ್ಕಾರು ತಾವೇ ತೆಗೆಸಿ ಹಿತ್ತಲಿನ ಆ ಕಡೆ ನೆಡಿಸಿದರು, ದಿನಾ ಅದಕ್ಕೆ ಹಾಕುವ ನೀರು ಪಾಯಕ್ಕೆ ಹೋಗುವುದು ಬೇಡ ಎಂದು.

ಬಚ್ಚಲಿಗೆ ಆಸಿಡ್ ನಿಂತಿದೆ. ಸ್ನಾನ ಆದ ಮೇಲೆ ರಬ್ಬರಿನ ವೈಪರ್‌ನಿಂದ ನೀರು ಎಳೆದುಬಿಟ್ಟರೆ ಗಡಸು ನೀರಿನ ಕಲೆ ಕಟ್ಟುವುದೇ ಕಡಿಮೆ. ಪಡಸಾಲೆಗೆ, ಪರಸಿಗೆ ಎರಡಕ್ಕೂ ಸಾದಾ ಸೋಪಿನ ನೀರು. ಒರೆಸುವ ಮುಂಚೆ ಕಸ ಹೊಡೆಯುವುದು ಮುಖ್ಯ, ಏಕೆಂದರೆ ಚಪ್ಪಲಿಯಿಂದ ಬಂದ ಉಸುಕಿನ ಕಣವೇ ಪಾಲಿಶನ್ನು ಗೀರುವುದು. ಪಶ್ಚಿಮದ ಬಾಗಿಲಿಗೆ ದಪ್ಪ ಪರದೆ ಬಂದಿದೆ.

ಪೊಳ್ಳು ಗುರುತು ಹಾಕಿದ ಚೌಕಳಿ ಹಾಳೆಯ ಒಂದು ಪ್ರತಿಯನ್ನು ಮಾಸ್ತರರು ಮನೆಯ ಕಾಗದಪತ್ರದ ಜೊತೆ ಇಟ್ಟುಕೊಂಡಿದ್ದಾರೆ. ಬಿಟ್ಟಿರುವ ಆ 9 ಟೈಲ್ಸನ್ನು ಬರುವ ಏಪ್ರಿಲ್‌ನಲ್ಲಿ, ಮೇ ತಿಂಗಳ ಬಿಸಿಲಿಗೆ ಮುಂಚೆ, ಮತ್ತೆ ತಟ್ಟಿ ನೋಡಬೇಕು. ಚುಕ್ಕಿ ಅಡ್ಡಗೆರೆಯಾಗಿದ್ದರೆ ಅವನ್ನಷ್ಟೇ ಎತ್ತಿ ಅಂಟು ಹಾಕಿ ಕೂರಿಸುವುದು. ಅಟ್ಟದ ಮೇಲೆ ಅದಕ್ಕೆ ಸಾಕಾಗುವಷ್ಟು ಟೈಲ್ಸ್ ಇನ್ನೂ ಇವೆ.